ಕೆಲಸ ಏಕೆ ಬಿಟ್ಟಿರಿ ಎಂದು ಕೇಳಿದಾಗ

2024ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಟಾರ್ನೀಟ್‌ನ ನಮ್ಮ ಬಾಡಿಗೆ ಮನೆಯಲ್ಲಿ ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಗ, ಸರ್ಕಾರಿ ಸೇವೆಗಳ ಆನ್‌ಲೈನ್ ತಾಣವಾದ ಮೈಗವ್‌ನ ನನ್ನ ಖಾತೆಗೆ ಪತ್ರವೊಂದು ಬಂದಿರುವುದಾಗಿ ಫೋನಿನಲ್ಲಿ ಸಂದೇಶ ಬಂತು. ಮಕ್ಕಳಿಬ್ಬರನ್ನೂ ಶಾಲೆಗೆ ಬಿಟ್ಟು, ಕಾರಿನಲ್ಲೇ ಕುಳಿತು ಅದನ್ನು ತೆರೆದೆ. ನನ್ನ ಮಾಜಿ ಪತಿ ಮಕ್ಕಳ ಪೋಷಣೆಯ ಹಣದ ಲೆಕ್ಕವನ್ನು ಬದಲಿಸುವಂತೆ, ಅದಕ್ಕೆ ಕಾನೂನು ಒಪ್ಪುವ ಕಾರಣಗಳಲ್ಲಿ ಎಂಟನೆಯದರಡಿ, ಅರ್ಜಿ ಹಾಕಿದ್ದರು. ಆ ಕಾರಣದ ಒಂದು ಭಾಗಕ್ಕೆ ‘ಅರ್ನಿಂಗ್ ಕೆಪ್ಯಾಸಿಟಿ’, ಅಂದರೆ ಗಳಿಕೆಯ ಸಾಮರ್ಥ್ಯ, ಎಂಬ ಹೆಸರಿದೆ. ಅವರ ವಾದ ಇಷ್ಟೇ: ಈಕೆ ಮೈಸೂರಿನಲ್ಲಿ ಬಿ.ಇ. ಓದಿದವಳು, ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ವರ್ಷಗಳ ಅನುಭವವುಳ್ಳವಳು, ವರ್ಷಕ್ಕೆ 98 ಸಾವಿರ ಡಾಲರ್ ಸಂಬಳದ ಕೆಲಸವನ್ನು ತಾನಾಗಿಯೇ ಬಿಟ್ಟು ಈಗ ಶಾಲೆಯ ಕಚೇರಿಯಲ್ಲಿ ವಾರಕ್ಕೆ ಮೂರು ದಿನ ಕುಳಿತು 38 ಸಾವಿರ ಸಂಪಾದಿಸುತ್ತಿದ್ದಾಳೆ, ಆದ್ದರಿಂದ ಇವಳ ಆದಾಯವನ್ನು ಹಳೆಯ ಸಂಬಳದಷ್ಟೇ ಎಂದು ಹಿಡಿದು ಲೆಕ್ಕ ಹಾಕಬೇಕು.

ಅದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ನನ್ನನ್ನು ಹೆಚ್ಚು ಕಂಗೆಡಿಸಿದ್ದು ಅದೇ.

ಅರ್ಜಿ ಏಕೆ ಬಂತೆಂಬುದು ತಿಳಿಯಬೇಕಾದರೆ ಇಲ್ಲಿನ ಲೆಕ್ಕದ ಬಗೆಯನ್ನು ಸ್ವಲ್ಪ ಹೇಳಬೇಕು. ಆಸ್ಟ್ರೇಲಿಯಾದಲ್ಲಿ ತಂದೆತಾಯಿ ಬೇರೆಯಾದಾಗ ಯಾರು ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಹೆಚ್ಚಿನ ಪ್ರಕರಣಗಳಲ್ಲಿ ನ್ಯಾಯಾಲಯ ನಿರ್ಧರಿಸುವುದಿಲ್ಲ. 1989ರ ಕಾಯ್ದೆಯೊಂದರ ಅಡಿಯಲ್ಲಿ ಸರ್ವಿಸಸ್ ಆಸ್ಟ್ರೇಲಿಯಾ ಎಂಬ ಸರ್ಕಾರಿ ಸಂಸ್ಥೆ ಒಂದು ಸೂತ್ರದಿಂದ ಲೆಕ್ಕ ಹಾಕುತ್ತದೆ. 2008ರ ಜುಲೈ 1ರಿಂದ ಜಾರಿಯಲ್ಲಿರುವ ಈಗಿನ ಸೂತ್ರ ಇಬ್ಬರ ಆದಾಯವನ್ನೂ ತೆಗೆದುಕೊಳ್ಳುತ್ತದೆ. ಪ್ರತಿಯೊಬ್ಬರ ಆದಾಯದಿಂದಲೂ ಅವರ ಸ್ವಂತ ಜೀವನಕ್ಕೆಂದು ಒಂದು ಮೊತ್ತವನ್ನು, ಅಂದರೆ ದೇಶದ ಗಂಡಸರ ಸರಾಸರಿ ವಾರ್ಷಿಕ ಗಳಿಕೆಯ ಮೂರನೆಯ ಒಂದು ಭಾಗವನ್ನು, ಕಳೆಯುತ್ತದೆ. ಉಳಿದ ಎರಡನ್ನೂ ಕೂಡಿಸಿ, ಅಷ್ಟು ಆದಾಯವುಳ್ಳ ಕುಟುಂಬ ಆ ವಯಸ್ಸಿನ ಮಕ್ಕಳಿಗೆ ಎಷ್ಟು ಖರ್ಚು ಮಾಡುತ್ತದೆಂಬುದನ್ನು ಕೋಷ್ಟಕದಲ್ಲಿ ನೋಡಿ, ಆ ಖರ್ಚನ್ನು ಆದಾಯದ ಪ್ರಮಾಣದಲ್ಲಿ ಇಬ್ಬರಿಗೂ ಹಂಚುತ್ತದೆ. ಮಕ್ಕಳು ಯಾರ ಮನೆಯಲ್ಲಿ ಎಷ್ಟು ರಾತ್ರಿ ಮಲಗುತ್ತಾರೆ ಎಂಬುದಕ್ಕೂ ರಿಯಾಯಿತಿ ಇದೆ. ನಮ್ಮ ಮಕ್ಕಳು ವರ್ಷದಲ್ಲಿ ಸುಮಾರು 80 ರಾತ್ರಿ ತಂದೆಯ ಬಳಿ ಇರುತ್ತಾರೆ. ಆ ರಾತ್ರಿಗಳಿಗಾಗಿ ಮಕ್ಕಳ ಖರ್ಚಿನ ಶೇ 24ರಷ್ಟನ್ನು ಅವರು ಆಗಲೇ ಭರಿಸಿದ್ದಾರೆಂದು ಸೂತ್ರ ಎಣಿಸುತ್ತದೆ.

ಆ ವರ್ಷ ಸ್ವಂತ ಜೀವನದ ಮೊತ್ತ ಸುಮಾರು 28 ಸಾವಿರ ಡಾಲರ್. ಅವರ ಸಂಬಳ 1 ಲಕ್ಷ 18 ಸಾವಿರ, ಅದರಲ್ಲಿ ಲೆಕ್ಕಕ್ಕೆ ಬರುವುದು 90 ಸಾವಿರ. ನಾನು 98 ಸಾವಿರ ದುಡಿಯುತ್ತಿದ್ದಾಗ ನನ್ನ ಪಾಲಿನದು 70 ಸಾವಿರ, ಹಾಗಾಗಿ ಅವರ ಪಾಲು ಶೇ 56. ಅದರಲ್ಲಿ 24 ಕಳೆದರೆ ಮಕ್ಕಳ ಖರ್ಚಿನ ಶೇ 32ನ್ನು ನನಗೆ ಕೊಡಬೇಕಿತ್ತು. ನನ್ನ ಆದಾಯ 38 ಸಾವಿರಕ್ಕೆ ಇಳಿದಾಗ ಲೆಕ್ಕಕ್ಕೆ ಬರುವ ನನ್ನ ಮೊತ್ತ ಬರೀ 10 ಸಾವಿರ. ಅವರ ಪಾಲು ಶೇ 90ಕ್ಕೆ ಏರಿ, ಕೊಡಬೇಕಾದದ್ದು ಶೇ 66 ಆಯಿತು. ಹಾಗೆಂದು ಹಣ ದುಪ್ಪಟ್ಟಾಗಲಿಲ್ಲ, ಏಕೆಂದರೆ ಇಬ್ಬರ ಒಟ್ಟು ಆದಾಯ ಕುಗ್ಗಿದರೆ ಕೋಷ್ಟಕದಲ್ಲಿ ಮಕ್ಕಳ ಖರ್ಚೂ ಕುಗ್ಗುತ್ತದೆ. ಆದರೂ ತಿಂಗಳಿಗೆ ಸುಮಾರು 920 ಡಾಲರ್ ಕೊಡುತ್ತಿದ್ದವರು 1,260 ಡಾಲರ್ ಕೊಡಬೇಕಾಗಿ ಬಂತು. ಕೆಲಸ ಬಿಟ್ಟವಳು ನಾನು, 340 ಡಾಲರ್ ಹೆಚ್ಚು ಕೊಡಬೇಕಾದವರು ಅವರು. ಅವರ ಜಾಗದಲ್ಲಿದ್ದಿದ್ದರೆ ನಾನೂ ಅರ್ಜಿ ಹಾಕುತ್ತಿದ್ದೆನೇನೋ.

ಈ ಏರಿಕೆ ತಾನಾಗಿಯೇ ಆದದ್ದಲ್ಲ. ಸಾಮಾನ್ಯವಾಗಿ ಹಿಂದಿನ ತೆರಿಗೆ ವರ್ಷದ ಆದಾಯದ ಮೇಲೆ ಲೆಕ್ಕ ನಡೆಯುತ್ತದೆ. ಈಗಿನ ಆದಾಯ ಅದಕ್ಕಿಂತ ಶೇ 15ರಷ್ಟಾದರೂ ಕಡಿಮೆಯಾಗಿದ್ದರೆ ‘ಎಸ್ಟಿಮೇಟ್’ ಸಲ್ಲಿಸಿ ಹೊಸ ಅಂದಾಜನ್ನು ಬಳಸುವಂತೆ ಕೇಳಬಹುದು. ಮಾರ್ಚ್‌ನಲ್ಲಿ ಕೆಲಸ ಬಿಟ್ಟವಳು ಏಪ್ರಿಲ್‌ನಲ್ಲಿ ಅದನ್ನು ಸಲ್ಲಿಸಿದ್ದೆ.

ಅರ್ಜಿ ಬಂದ ರಾತ್ರಿ ಮಕ್ಕಳು ಮಲಗಿದ ಮೇಲೆ ಕಾಯ್ದೆಯ 117ನೆಯ ಕಲಮನ್ನು ಹುಡುಕಿ ಓದಿದೆ. ಅದುವರೆಗೆ ನಾನು ತಿಳಿದುಕೊಂಡಿದ್ದದ್ದು, ಯಾರಾದರೂ ಅಧಿಕಾರಿ ನನ್ನ ಪದವಿ, ಅನುಭವ, ವಯಸ್ಸು ನೋಡಿ ‘ಇವಳು ಇಷ್ಟು ದುಡಿಯಬಲ್ಲಳು’ ಎಂದು ಬೆಲೆ ಕಟ್ಟುತ್ತಾರೆ ಎಂದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ. ಕಾನೂನು ಹಾಗಿಲ್ಲ. ಒಬ್ಬರ ಗಳಿಕೆಯ ಸಾಮರ್ಥ್ಯ ಅವರ ನಿಜವಾದ ಆದಾಯಕ್ಕಿಂತ ಹೆಚ್ಚೆಂದು ತೀರ್ಮಾನಿಸಲು ಮೂರು ಷರತ್ತುಗಳಿವೆ, ಮೂರೂ ಒಟ್ಟಿಗೆ ಕೂಡಿಬರಬೇಕು. ಮೊದಲನೆಯದು, ಆ ವ್ಯಕ್ತಿ ಸಾಕಷ್ಟು ಅವಕಾಶವಿದ್ದರೂ ಕೆಲಸ ಮಾಡದಿರುವುದು, ಅಥವಾ ಪೂರ್ಣಾವಧಿಗಿಂತ ಕಡಿಮೆ ಹೊತ್ತಿಗೆ ದುಡಿಮೆಯನ್ನು ಇಳಿಸಿಕೊಂಡಿರುವುದು, ಅಥವಾ ವೃತ್ತಿಯನ್ನೋ ಕೆಲಸದ ಕ್ರಮವನ್ನೋ ಬದಲಿಸಿರುವುದು. ಎರಡನೆಯದು, ಹಾಗೆ ಮಾಡಿದ್ದನ್ನು ಅವರ ಆರೈಕೆಯ ಹೊಣೆಯಾಗಲೀ ಆರೋಗ್ಯವಾಗಲೀ ಸಮರ್ಥಿಸದಿರುವುದು. ಮೂರನೆಯದು, ಈ ಲೆಕ್ಕದ ಮೇಲೆ ಪರಿಣಾಮ ಬೀರುವುದು ತಮ್ಮ ನಿರ್ಧಾರದ ಒಂದು ಮುಖ್ಯ ಉದ್ದೇಶವಾಗಿರಲಿಲ್ಲವೆಂದು ಆ ವ್ಯಕ್ತಿ ತೋರಿಸದಿರುವುದು. ಹಣ ಕೊಡುವವರಿಗೆ ಮಾತ್ರವಲ್ಲ, ಪಡೆಯುವವರಿಗೂ ಇದೇ ಪರೀಕ್ಷೆ.

ಮೂರನೆಯದನ್ನು ನಾಲ್ಕೈದು ಸಲ ಓದಿದೆ. ಉದ್ದೇಶವಿತ್ತೆಂದು ಅರ್ಜಿದಾರರು ಸಾಬೀತು ಮಾಡಬೇಕಿಲ್ಲ. ಇರಲಿಲ್ಲವೆಂದು ನಾನು ತೋರಿಸಬೇಕು. ಅದೂ ‘ಏಕೈಕ ಉದ್ದೇಶ’ ಅಲ್ಲ, ‘ಒಂದು ಮುಖ್ಯ ಉದ್ದೇಶ’. ನನ್ನ ಮನಸ್ಸಿನಲ್ಲಿ ಇಲ್ಲದ್ದನ್ನು ಇಲ್ಲವೆಂದು ಯಾವ ಕಾಗದದಿಂದ ತೋರಿಸುವುದು?

ಕೆಲಸ ಬಿಟ್ಟ ಕಾರಣಕ್ಕೆ ನನ್ನ ಬಳಿ ಬೇಕಾದಷ್ಟು ಕಾಗದವಿತ್ತು. ಆರು ವರ್ಷದ ಮಗನಿಗೆ ಆಟಿಸಂ ಇದೆಯೆಂದು 2023ರಲ್ಲಿ ತಿಳಿದಿತ್ತು. ವಾರಕ್ಕೆರಡು ಬೆಳಿಗ್ಗೆ ಸ್ಪೀಚ್ ಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿ. ಅಂಗವೈಕಲ್ಯವುಳ್ಳವರಿಗೆ ನೆರವಾಗುವ ಎನ್‌ಡಿಐಎಸ್ ಎಂಬ ಸರ್ಕಾರಿ ಯೋಜನೆಯಿಂದ ಥೆರಪಿಯ ಹಣ ಬರುತ್ತದೆ, ಆದರೆ ಕರೆದುಕೊಂಡು ಹೋಗಿ, ಹೊರಗಿನ ಕುರ್ಚಿಯಲ್ಲಿ ಕಾದು, ಮತ್ತೆ ಶಾಲೆಗೆ ಮುಟ್ಟಿಸುವ ಬೆಳಗಿನ ಮೂರು ಗಂಟೆಯನ್ನು ಯಾರಾದರೂ ತರಬೇಕಲ್ಲ. ಅದರ ಮೇಲೆ ಶಾಲೆಯಿಂದ ಬರುವ ಕರೆಗಳು. ಗದ್ದಲ ಹೆಚ್ಚಾದ ದಿನ ಮಗ ಮೇಜಿನಡಿ ಸೇರಿಕೊಂಡು ಕಿವಿ ಮುಚ್ಚಿಕೊಂಡರೆ, ನಾನು ಹೋಗುವವರೆಗೆ ಹೊರಗೆ ಬರುತ್ತಿರಲಿಲ್ಲ. ಟೆಸ್ಟಿಂಗ್ ತಂಡದಲ್ಲಿ ಸಾಫ್ಟ್‌ವೇರ್ ಬಿಡುಗಡೆಯ ವಾರ ಬಂತೆಂದರೆ ಇಂಥ ಕರೆ ಬಂದಾಗ ಎದ್ದು ಹೋಗುವುದು ಸಾಧ್ಯವಿರಲಿಲ್ಲ. ಎದ್ದು ಹೋಗಿ ಹೋಗಿ, ಕೊನೆಗೆ ನಾನೇ ಬಿಟ್ಟೆ.

ಅಮ್ಮ ಪ್ರತಿವರ್ಷ ಮೈಸೂರಿನಿಂದ ಬರುವ ಯಾರ ಕೈಯಲ್ಲಾದರೂ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಕಳುಹಿಸುತ್ತಾರೆ. ಅದು ನಮ್ಮ ಫ್ರಿಜ್ಜಿನ ಪಕ್ಕದ ಗೋಡೆಯಲ್ಲಿ ತೂಗುತ್ತದೆ. ಶಾಲೆಯಿಂದ ಕರೆ ಬಂದ ದಿನ ಆ ತಾರೀಖಿನ ಮನೆಯಲ್ಲಿ ಪೆನ್ಸಿಲಿನಿಂದ ಹೊತ್ತು ಬರೆದಿಡುವ ಅಭ್ಯಾಸ ಮಾಡಿಕೊಂಡಿದ್ದೆ. ಶಿಶುವೈದ್ಯರು ಹಾಗೆ ಗುರುತು ಮಾಡಿಡಲು ಹೇಳಿದ್ದರು, ಜೀವನಾಂಶದ ಯೋಚನೆಯಿಂದಲ್ಲ. ಏಕಾದಶಿಯ ಪಕ್ಕದಲ್ಲಿ ‘ಶಾಲೆ 11.20’, ಸಂಕಷ್ಟಿಯ ಮೇಲೆ ‘1.45, ಮನೆಗೆ ಕರೆತಂದೆ’, ಇಂಥವು. 2023ರ ಅಕ್ಟೋಬರ್ ಹಾಳೆಯೊಂದರಲ್ಲೇ ಒಂಬತ್ತು ಗುರುತುಗಳಿದ್ದವು. ಆ ಹಾಳೆಗಳನ್ನು ಫೋಟೋ ತೆಗೆದು, ಶಿಶುವೈದ್ಯರ ಪತ್ರ, ಥೆರಪಿಯ ವೇಳಾಪಟ್ಟಿ, ಶಾಲೆಯ ಪತ್ರ, ಹೊಸ ಕೆಲಸದ ಸಂಬಳದ ಚೀಟಿಗಳ ಜೊತೆಗೆ ಲಗತ್ತಿಸಿದೆ. ನಾವು ಕಳುಹಿಸುವ ಕಾಗದಗಳ ಪ್ರತಿ ಎದುರಿನವರಿಗೂ ಹೋಗುತ್ತದೆ, ಅವರವು ನಮಗೆ ಬರುವ ಹಾಗೆಯೇ. ಹೀಗಾಗಿ ಬ್ಯಾಂಕಿನ ಖಾತೆಸಂಖ್ಯೆಗಳನ್ನೂ ಆಪ್ತಸಲಹೆಗಾರರ ವಿಳಾಸವನ್ನೂ ಕಪ್ಪು ಬಣ್ಣದಿಂದ ಮುಚ್ಚಿದೆ. ಮಗನ ಕಷ್ಟದ ದಿನಗಳನ್ನು ಅವನ ತಂದೆ ಹೀಗೆ ಒಂದು ಅರ್ಜಿಯ ಲಗತ್ತಾಗಿ ಓದಬೇಕಾಯಿತಲ್ಲ ಎಂಬ ಸಂಕಟ ಇನ್ನೂ ಇದೆ.

ಅವರ ಲಗತ್ತುಗಳಲ್ಲಿ ಒಂದು ನನ್ನ ನಿದ್ದೆ ಕೆಡಿಸಿತು. 2024ರ ಫೆಬ್ರುವರಿಯಲ್ಲಿ, ಮಗನನ್ನು ಥೆರಪಿಗೆ ಒಂದು ದಿನವಾದರೂ ನೀವು ಕರೆದುಕೊಂಡು ಹೋಗಿ ಎಂದು ಕೇಳಿ ಆಗುವುದಿಲ್ಲವೆಂಬ ಉತ್ತರ ಬಂದಾಗ, ಸಿಟ್ಟಿನಲ್ಲಿ ಹೀಗೆ ಬರೆದಿದ್ದೆ: ‘ನಾನು ಕೆಲಸ ಬಿಟ್ಟು ಕೂತ್ಕೋತೀನಿ, ಆಗ ನೀವು ಅನುಭವಿಸ್ತೀರ.’ ಅದಕ್ಕೆ ಅವರು ತಾವೇ ಮಾಡಿದ ಇಂಗ್ಲಿಷ್ ಅನುವಾದವನ್ನು ಜೋಡಿಸಿದ್ದರು. ಅದರ ಕೊನೆಯ ತುಂಡು ‘ಯು ವಿಲ್ ಪೇ ಫಾರ್ ಇಟ್’. ಕನ್ನಡದ ನನ್ನ ಮಾತಿನಲ್ಲಿ ಹಣದ ಸುಳಿವೂ ಇರಲಿಲ್ಲ. ಅನುಭವಿಸುವುದೆಂದರೆ ಕಷ್ಟ ಪಡುವುದು. ಮಗನನ್ನು ನೋಡಿಕೊಳ್ಳುವವರಿಲ್ಲದೆ ಈ ಮನೆಗೆ ಬರುವ ಗತಿ ಒಂದು ದಿನ ನಿಮಗೂ ಗೊತ್ತಾಗುತ್ತದೆ ಎಂಬ ಶಾಪದ ಧಾಟಿ. ಇಂಗ್ಲಿಷಿನ ನುಡಿಗಟ್ಟಿನಲ್ಲಿ ಆ ಜಾಗಕ್ಕೆ ‘ಪೇ’ ಬಂದು ಕುಳಿತಿತ್ತು, ಜೀವನಾಂಶದ ಕಡತದೊಳಗೆ ಆ ಶಬ್ದಕ್ಕೆ ಒಂದೇ ಅರ್ಥ. ಅವರು ಬೇಕೆಂದೇ ಹಾಗೆ ಮಾಡಿದರೆಂದು ನಾನು ಹೇಳಲಾರೆ, ಆ ಅನುವಾದ ತಪ್ಪೂ ಅಲ್ಲ. ಮಾನ್ಯತೆ ಪಡೆದ ಅನುವಾದಕರೊಬ್ಬರಿಂದ ಇನ್ನೊಂದು ಅನುವಾದ ಮಾಡಿಸಿ ಕಳುಹಿಸಿದೆ. ಅವರು ‘ಯು ವಿಲ್ ಸಫರ್’ ಎಂದು ಬರೆದುಕೊಟ್ಟರು, ಅದೇನೂ ನನ್ನನ್ನು ಹೆಚ್ಚು ಒಳ್ಳೆಯವಳಾಗಿ ಕಾಣಿಸುವ ವಾಕ್ಯವಲ್ಲ.

ಇಷ್ಟರಲ್ಲಿ ಅಮ್ಮನಿಗೂ ವಿಷಯ ತಿಳಿದಿತ್ತು. ‘ಇಂಜಿನಿಯರಿಂಗ್ ಓದಿ ಸ್ಕೂಲ್ ಆಫೀಸಲ್ಲಿ ಹಾಜರಿ ಪುಸ್ತಕ ತಿದ್ದೋದು ಯಾಕೆ ಬೇಕಿತ್ತು ನಿಂಗೆ, ನಿಮ್ಮಪ್ಪ ಸಾಲ ಮಾಡಿ ಓದಿಸಿದ್ದು ಇದಕ್ಕಾ’ ಎಂದರು. ಎದುರಿನವರ ಅರ್ಜಿಯ ವಾದವನ್ನೇ ಅವರಿಗಿಂತ ಚೆನ್ನಾಗಿ ಹೇಳಿದರು. ಮೈಸೂರಿನಲ್ಲಿ ವಕೀಲಿಕೆ ಮಾಡುವ ಚಿಕ್ಕಪ್ಪನ ಮಗಳು ಮಾತ್ರ ಬೇರೆ ರೀತಿ ನೋಡಿದಳು. ‘ಅಕ್ಕ, ನಮ್ಮಲ್ಲಾದ್ರೆ ಇಷ್ಟು ಪೇಚಾಡಬೇಕಿರಲಿಲ್ಲ’ ಎಂದು, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣವನ್ನು ನೆನಪಿಸಿದಳು: ಹೆಂಡತಿ ದುಡಿಯಲು ಶಕ್ತಳೆಂಬ ಕಾರಣಕ್ಕೆ ಹೈಕೋರ್ಟ್ ಜೀವನಾಂಶವನ್ನು ಇಳಿಸಿದ್ದಾಗ, 2017ರಲ್ಲಿ ಸುಪ್ರೀಂ ಕೋರ್ಟ್, ದುಡಿಯಬಲ್ಲಳು ಎಂಬುದೂ ನಿಜವಾಗಿ ದುಡಿಯುತ್ತಿದ್ದಾಳೆ ಎಂಬುದೂ ಬೇರೆಬೇರೆ ಎಂದು ಹೇಳಿತಂತೆ. ಗಂಡನ ವಿಷಯಕ್ಕೆ ಬಂದರೆ ಅಲ್ಲಿನ ನ್ಯಾಯಾಲಯಗಳು ಮೈಯಲ್ಲಿ ಶಕ್ತಿಯಿರುವವನು ಕೂಲಿ ಮಾಡಿಯಾದರೂ ಹೆಂಡತಿಮಕ್ಕಳನ್ನು ಸಾಕಬೇಕು ಎನ್ನುತ್ತವೆ. ಆ ಅಳತೆಗೋಲು ಗಂಡನಿಗೆ ಒಂದು, ಹೆಂಡತಿಗೆ ಇನ್ನೊಂದು. ಇಲ್ಲಿ ಇಬ್ಬರಿಗೂ ಒಂದೇ. ಸಮಾಧಾನವಾಗಲೆಂದು ಅವಳು ಹೇಳಿದ್ದು; ಆದರೆ ನನಗೆ ಇಲ್ಲಿನದೇ ಹೆಚ್ಚು ನ್ಯಾಯವೆನಿಸಿತು, ನನ್ನ ಕುತ್ತಿಗೆಗೆ ಬಂದಿದ್ದರೂ.

ಆಗಸ್ಟ್ ಕೊನೆಯಲ್ಲಿ ನಿರ್ಧಾರ ಮಾಡುವ ಅಧಿಕಾರಿ ಫೋನ್ ಮಾಡಿದರು. ಇಬ್ಬರೊಡನೆಯೂ ಬೇರೆಬೇರೆಯಾಗಿ ಮಾತಾಡುತ್ತಾರೆ, ಎದುರುಬದುರು ಕೂರಿಸುವುದಿಲ್ಲ. ಕನ್ನಡದ ದುಭಾಷಿ ಬೇಕೇ ಎಂದು ಮೊದಲೇ ಕೇಳಿದ್ದರು. ಹತ್ತು ವರ್ಷದಿಂದ ಈ ದೇಶದಲ್ಲಿ ಇಂಗ್ಲಿಷಿನಲ್ಲೇ ಸಂಬಳ ತೆಗೆದುಕೊಂಡವಳಿಗೆ ದುಭಾಷಿ ಏಕೆಂಬ ಜಂಬದಲ್ಲಿ ಬೇಡವೆಂದಿದ್ದೆ. ಮಾತು ‘ಅರ್ನಿಂಗ್’ ಮತ್ತು ‘ವರ್ಕಿಂಗ್’ ಎಂದು ಎರಡಾಗಿ ಸೀಳಿಕೊಂಡಾಗ ಪಶ್ಚಾತ್ತಾಪವಾಯಿತು. ನಮ್ಮಲ್ಲಿ ‘ದುಡಿ’ ಎಂದರೆ ಮೈಮುರಿದು ಕೆಲಸ ಮಾಡುವುದೂ ಹೌದು, ಸಂಪಾದಿಸುವುದೂ ಹೌದು. ‘ಬೆಳಗಿನಿಂದ ರಾತ್ರಿವರೆಗೆ ದುಡಿಯುತ್ತೇನೆ’ ಎಂದರೆ ಎರಡೂ ಸೇರಿರುತ್ತದೆ. ನಾನು ಮಗನಿಗಾಗಿ ಕಳೆಯುವ ಹೊತ್ತನ್ನು ವಿವರಿಸಲು ಹೋದಾಗಲೆಲ್ಲ ಇಂಗ್ಲಿಷಿನಲ್ಲಿ ಅದು ‘ನಾಟ್ ವರ್ಕಿಂಗ್’ ಆಗಿಯೇ ಹೊರಬರುತ್ತಿತ್ತು.

ಅಧಿಕಾರಿ ಸೌಜನ್ಯದಿಂದಲೇ ಮಾತಾಡಿದರು. ಕ್ಯಾಲೆಂಡರಿನ ಫೋಟೋಗಳನ್ನು ಎದುರಿಗಿಟ್ಟುಕೊಂಡಿದ್ದರು. ಆ ಮನೆಗಳಲ್ಲಿ ಅಚ್ಚಾಗಿರುವ ಅಕ್ಷರಗಳು ಯಾವುವು, ಯಾವುದು ನೀವು ಬರೆದದ್ದು ಎಂದು ಕೇಳಿದರು. ತಿಥಿ, ನಕ್ಷತ್ರ, ರಾಹುಕಾಲಗಳನ್ನು ಒಬ್ಬ ಆಸ್ಟ್ರೇಲಿಯನ್ ಅಧಿಕಾರಿಗೆ ಫೋನಿನಲ್ಲಿ ವಿವರಿಸುತ್ತ ನನಗೇ ನಗು ಬಂತು. ಅವರೂ ನಕ್ಕರು. ಪೂರ್ಣಾವಧಿ ಬಿಟ್ಟು ವಾರಕ್ಕೆ ನಾಲ್ಕು ದಿನ, ಅಥವಾ ಮನೆಯಿಂದ ಮಾಡುವ ಟೆಸ್ಟಿಂಗ್ ಕೆಲಸ ಸಿಗುತ್ತಿರಲಿಲ್ಲವೇ ಎಂದರು. ಕೇಳಿದ್ದೆನೆಂದೂ ಹಳೆಯ ಕೆಲಸದಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲವೆಂದೂ ಹೇಳಿ, ಆ ಇಮೇಲ್ ಕಳುಹಿಸಿದೆ. ಹೊರಗೆ ಬೇರೆ ಕಡೆ ಹುಡುಕಿದಿರೇ? ಎರಡು ಕಡೆ ಮಾತ್ರ. ಇಲ್ಲಿ ನನ್ನ ಉತ್ತರ ದುರ್ಬಲವಾಗಿತ್ತೆಂದು ಇಬ್ಬರಿಗೂ ಗೊತ್ತಾಯಿತು.

ಆಮೇಲೆ ಆ ಪ್ರಶ್ನೆ ಬಂತು. ಕೆಲಸ ಬಿಡುವ ಮೊದಲು, ಅದರಿಂದ ಮಕ್ಕಳ ಹಣದ ಲೆಕ್ಕದ ಮೇಲೆ ಏನು ಪರಿಣಾಮವಾಗುತ್ತದೆಂದು ಯೋಚಿಸಿದ್ದಿರಾ?

ಯೋಚಿಸಿದ್ದೆ. ಸಂಸ್ಥೆಯ ಜಾಲತಾಣದಲ್ಲಿ ಅಂದಾಜು ಲೆಕ್ಕ ಹಾಕುವ ಒಂದು ಕ್ಯಾಲ್ಕುಲೇಟರ್ ಇದೆ. ರಾಜೀನಾಮೆ ಕೊಡುವ ಹಿಂದಿನ ರಾತ್ರಿ ಒಂದು ಗಂಟೆಯಲ್ಲಿ ಎದ್ದು ಕುಳಿತು, ಅದರಲ್ಲಿ ನನ್ನ ಆದಾಯದ ಜಾಗದಲ್ಲಿ 38 ಸಾವಿರ ತುಂಬಿ ನೋಡಿದ್ದೆ. ಬಾಡಿಗೆ ಕಟ್ಟಲಾಗುತ್ತದೋ ಇಲ್ಲವೋ ತಿಳಿಯಬೇಕಿತ್ತು. ಉತ್ತರ ನೋಡಿ ಒಂದು ಬಗೆಯ ನಿರಾಳವಾಯಿತು, ಮತ್ತು, ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆ ನಿರಾಳದ ಅಡಿಯಲ್ಲಿ ಎಲ್ಲೋ ಒಂದು ಚೂರು ಸಂತೋಷವೂ ಇತ್ತು, ಅವರೂ ಸ್ವಲ್ಪ ಹೊರಲಿ ಎಂಬ ಸಂತೋಷ. ಫೋನಿನಲ್ಲಿ ಕ್ಯಾಲ್ಕುಲೇಟರಿನ ವಿಷಯವನ್ನು ಹೇಳಿದೆ. ಸಂತೋಷದ ವಿಷಯವನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪರಿಣಾಮ ಗೊತ್ತಿರುವುದೂ ಅದಕ್ಕಾಗಿಯೇ ಮಾಡುವುದೂ ಒಂದೇ ಅಲ್ಲವೆಂದು ನನಗೆ ತೋಚಿದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬರೆದುಕೊಳ್ಳುತ್ತಿದ್ದ ಕೀಲಿಮಣೆಯ ಸದ್ದು ಕೇಳಿಸಿತು.

ಸೆಪ್ಟೆಂಬರ್ ಕೊನೆಗೆ ನಿರ್ಧಾರ ಬಂತು. ಮೊದಲನೆಯ ಷರತ್ತು ಪೂರ್ತಿಯಾಗಿದೆ, ಏಕೆಂದರೆ ನಾನು ದುಡಿಮೆಯ ಗಂಟೆಗಳನ್ನೂ ವೃತ್ತಿಯನ್ನೂ ಬದಲಿಸಿದ್ದೇನೆ. ಎರಡನೆಯದು ಪೂರ್ತಿಯಾಗಿಲ್ಲ, ಏಕೆಂದರೆ ವೈದ್ಯರ ಪತ್ರ, ಥೆರಪಿಯ ವೇಳಾಪಟ್ಟಿ ಮತ್ತು ಶಾಲೆಯ ಕರೆಗಳ ದಾಖಲೆಯಿಂದ ಈ ಅವಧಿಯಲ್ಲಿ ಆ ಬದಲಾವಣೆಗೆ ಆರೈಕೆಯ ಹೊಣೆಯೇ ಸಮರ್ಥನೆ ಎಂದು ಕಂಡುಬಂದಿದೆ. ಎರಡನೆಯದು ಬಿದ್ದುಹೋದ ಮೇಲೆ ಮೂರನೆಯದನ್ನು ತೀರ್ಮಾನಿಸುವ ಅಗತ್ಯವಿಲ್ಲ. ಹಾಗಾಗಿ ಬದಲಾವಣೆಗೆ ಆಧಾರವಿಲ್ಲ. ಆಧಾರ ಸಿಕ್ಕಿದ್ದರೂ ಅಲ್ಲಿಗೆ ಮುಗಿಯುತ್ತಿರಲಿಲ್ಲ; ಬದಲಿಸುವುದು ಮಕ್ಕಳಿಗೂ ಇಬ್ಬರು ಪೋಷಕರಿಗೂ ನ್ಯಾಯವೇ, ಮಕ್ಕಳನ್ನು ಸಾಕುವ ಭಾರ ಪೋಷಕರಿಂದ ಸರ್ಕಾರದ ಬೊಕ್ಕಸಕ್ಕೆ ಜಾರದಂತೆ ಸರಿಯೇ ಎಂಬ ಇನ್ನೆರಡು ಮೆಟ್ಟಿಲುಗಳಿದ್ದವು. ನಮ್ಮ ಕಡತ ಅಲ್ಲಿಯವರೆಗೆ ಏರಲಿಲ್ಲ.

ಮೂರನೆಯ ಪ್ರಶ್ನೆಗೆ ಉತ್ತರವೇ ಬರೆಯದಿದ್ದದ್ದು ನನಗೆ ಸ್ವಲ್ಪ ವಿಚಿತ್ರವೆನಿಸಿತು. ಮೂರು ತಿಂಗಳು ನಾನು ಅದನ್ನೇ ಹೊತ್ತು ತಿರುಗಿದ್ದೆ.

ನಿರ್ಧಾರ ಕೈಸೇರಿದ 28 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು, ಮಾಜಿ ಪತಿ ಸಲ್ಲಿಸಿದರು. ಬೇರೊಬ್ಬ ಅಧಿಕಾರಿ ಕಡತವನ್ನು ಮೊದಲಿನಿಂದ ನೋಡಿದರು. ಮಗನ ಥೆರಪಿ ಆ ಹೊತ್ತಿಗೆ ವಾರಕ್ಕೆ ಒಂದು ದಿನಕ್ಕೆ ಇಳಿದಿತ್ತು, ಅದನ್ನು ನಾನೇ ತಿಳಿಸಿದೆ, ಮುಚ್ಚಿಡುವುದು ಸರಿಯಲ್ಲವೆನಿಸಿತು. ಜನವರಿಯಲ್ಲಿ ಆಕ್ಷೇಪಣೆಯೂ ತಿರಸ್ಕೃತವಾಯಿತು, ಆದರೆ ಈ ಸಲದ ಪತ್ರದಲ್ಲಿ ಆರೈಕೆಯ ಪರಿಸ್ಥಿತಿ ಬದಲಾದರೆ ಮುಂದೆ ಬೇರೆ ತೀರ್ಮಾನ ಬರಬಹುದೆಂಬ ಸಾಲೂ ಇತ್ತು. ಅದರ ಮೇಲೆ ಹೋಗುವುದಾದರೆ, ಸರ್ಕಾರಿ ನಿರ್ಧಾರಗಳನ್ನು ಮರುಪರಿಶೀಲಿಸುವ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್ ಇದೆ. ಹಳೆಯ ಟ್ರಿಬ್ಯೂನಲ್ಲಿನ ಜಾಗದಲ್ಲಿ 2024ರ ಅಕ್ಟೋಬರ್ 14ರಿಂದ ಅದು ಕೆಲಸ ಆರಂಭಿಸಿತ್ತು. ಅವರು ಅಲ್ಲಿಗೆ ಹೋಗಲಿಲ್ಲ. ಬದಲಿಗೆ ಒಂದು ಸಂದೇಶ ಬಂತು, ಕನ್ನಡದಲ್ಲಿ, ಎರಡೇ ಸಾಲು: ಗುರುವಾರದ ಥೆರಪಿಗೆ ನಾನು ಕರೆದುಕೊಂಡು ಹೋಗಲೇ, ಜಾಗ ಎಲ್ಲಿ ಹೇಳಿ. ಕ್ಯಾಲೆಂಡರಿನ ಹಾಳೆಗಳನ್ನು ಓದಿದ್ದರಿಂದಲೋ, ಗುರುವಾರ ನನಗೆ ಬಿಡುವಾದರೆ ನಾಲ್ಕನೆಯ ದಿನ ಕೆಲಸಕ್ಕೆ ಹೋಗಬಹುದೆಂಬ ಲೆಕ್ಕದಿಂದಲೋ, ನನಗೆ ತಿಳಿಯದು, ಕೇಳಲೂ ಇಲ್ಲ.

2025ರ ಎರಡನೆಯ ಟರ್ಮ್‌ನಿಂದ ಶಾಲೆಯ ಕಚೇರಿಯಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ ಮಾಡುತ್ತಿದ್ದೇನೆ. ಹೆಚ್ಚಿದ ಆದಾಯವನ್ನು ಸಂಸ್ಥೆಗೆ ತಿಳಿಸಿದ್ದೇನೆ, ಲೆಕ್ಕ ಸ್ವಲ್ಪ ಇಳಿದಿದೆ. ಗುರುವಾರದ ಚೌಕಗಳಲ್ಲಿ ಈಗ ನನ್ನ ಪೆನ್ಸಿಲಿನ ಗುರುತಿಲ್ಲ. ಮಗ ಅಲ್ಲಿ ಅಪ್ಪನ ಕಾರಿನ ಚಿತ್ರ ಬರೆಯುತ್ತಾನೆ, ರಾಹುಕಾಲದ ಅಕ್ಷರಗಳ ಮೇಲೆಯೇ.